ಗಾಡಿಯೇರಿದ ವಿದ್ಯಾಲಯ

ಕಾಲೇಜಿನ ಬಾಗಿಲಿಗೆ ಬರಲಾರದವನ ಗತಿಯೇನು? ಅಮೆರಿಕದ ಅಲಬಾಮಾ ರಾಜ್ಯದ ಟಸ್ಕೀಗಿ ವಿದ್ಯಾಲಯವು ಈ ಪ್ರಶ್ನೆಗೆ ಕೊಟ್ಟ ಉತ್ತರ ನೆನೆಯತಕ್ಕದ್ದು.

ಗುಲಾಮರಾಗಿ ಹುಟ್ಟಿದ ಬುಕರ್ ಟಿ. ವಾಷಿಂಗ್ಟನ್ನರು 1881ರಲ್ಲಿ ಕಪ್ಪು ಜನಾಂಗದ ಸುಮಾರು 30 ವಿದ್ಯಾರ್ಥಿಗಳೊಡನೆ ಅದನ್ನು ಆರಂಭಿಸಿದರು. ಕಟ್ಟಡಕ್ಕೆ ಇಟ್ಟಿಗೆ ಬೇಕು, ಊರಿನಲ್ಲಿ ಇಟ್ಟಿಗೆಗೂಡಿಲ್ಲ. ವಿದ್ಯಾರ್ಥಿಗಳೇ ಮಣ್ಣು ಕಲಸಿದರು. ಸುಟ್ಟ ಮೂರು ಗೂಡುಗಳೂ ಕೆಟ್ಟುಹೋದವು. ವಾಷಿಂಗ್ಟನ್ನರು ತಮ್ಮ ಗಡಿಯಾರವನ್ನು ಒತ್ತೆಯಿಟ್ಟು ನಾಲ್ಕನೆಯದನ್ನು ಹೂಡಿದರು, ಅದು ಕೈಗೂಡಿತು. ಮುಂದೆ ನೆರೆಯ ಬಿಳಿಯರೂ ಆ ಇಟ್ಟಿಗೆಯನ್ನು ಕೊಳ್ಳಲು ಬಂದರು.

ಹಳ್ಳಿಯ ಕಪ್ಪು ರೈತನಾದರೋ ಪರರ ಹೊಲವನ್ನು ಪಾಲಿಗೆ ಉತ್ತು, ಅಂಗಡಿಯ ಸಾಲದಲ್ಲಿ ಮುಳುಗಿದ್ದ. ಹತ್ತಿಯೊಂದನ್ನೇ ಬೆಳೆದು ನೆಲ ಸಾರಗೆಟ್ಟಿತ್ತು. ಅವನಿಗಾಗಿ 1892ರಲ್ಲಿ ವಿದ್ಯಾಲಯವು ರೈತರ ಸಮ್ಮೇಳನವನ್ನು ಕರೆಯಿತು. 1896ರಲ್ಲಿ ಬಂದ ಜಾರ್ಜ್ ವಾಷಿಂಗ್ಟನ್ ಕಾರ್ವರರು ನೆಲಕ್ಕೆ ಸಾರವೀಯುವ ಅಲಸಂದೆ, ಕಡಲೆಕಾಯಿಗಳನ್ನು ಬೆಳೆಯಿರೆಂದು ಬೋಧಿಸಿದರು. ಸಮ್ಮೇಳನಕ್ಕೂ ಬರಲಾರದವರು ಬಹಳ ಮಂದಿ. 1906ರಲ್ಲಿ, ನ್ಯೂಯಾರ್ಕಿನ ಮೋರಿಸ್ ಜೆಸಪ್ಪರ ಹಣದಿಂದ, ಕಾರ್ವರರು ರೂಪಿಸಿದ ಗಾಡಿಯೊಂದು ನೇಗಿಲು, ಬೀಜ, ಬೆಣ್ಣೆ ಕಡೆಯುವ ಸಾಧನಗಳನ್ನು ಹೇರಿಕೊಂಡು ಹಳ್ಳಿಗಳಿಗೆ ಹೊರಟಿತು. ಅದೇ ವರ್ಷ ಅದರ ಹೊಣೆ ಹೊತ್ತವರು ಅಲ್ಲಿಯೇ ಕಲಿತ ಥಾಮಸ್ ಕ್ಯಾಂಪ್‌ಬೆಲ್.

ಇಷ್ಟರಿಂದಲೇ ಎಲ್ಲವೂ ಒದಗಿತೆ? ಇಲ್ಲ. 1901ರ ರಾಜ್ಯ ಸಂವಿಧಾನವು ಬಹುಮಂದಿ ಕಪ್ಪು ಜನರ ಮತವನ್ನು ಕಸಿದುಕೊಂಡಿತ್ತು. ಕಸುಬು ಸಾಲದು, ಹಕ್ಕೂ ಉನ್ನತ ಶಿಕ್ಷಣವೂ ಬೇಕೆಂದು ಡಬ್ಲ್ಯು. ಇ. ಬಿ. ಡುಬಾಯ್ಸರು 1903ರಲ್ಲಿ ವಾಷಿಂಗ್ಟನ್ನರನ್ನು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದುದೇ. ಆದರೂ ವಿದ್ಯೆಯು ತಾನಾಗಿ ಹೊಲದ ಬದುವಿಗೆ ನಡೆದುಬರಬಹುದೆಂಬುದನ್ನು ಆ ಗಾಡಿ ತೋರಿಸಿಕೊಟ್ಟಿತು.