ಹೀಬ್ರೂ ಸೃಷ್ಟಿಕಥೆ: ದೇವರ ವಿಶ್ರಾಂತಿ, ಮನುಷ್ಯನ ಪದವಿ

ಹೀಬ್ರೂ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದಲ್ಲಿರುವುದು ಒಂದಲ್ಲ, ಎರಡು ಸೃಷ್ಟಿಕಥೆಗಳು. ಮೊದಲನೆಯದು (1:1–2:3) ಆರು ದಿನಗಳ ಸೃಷ್ಟಿಯನ್ನೂ ಏಳನೆಯ ದಿನದ ವಿಶ್ರಾಂತಿಯನ್ನೂ ಹೇಳುತ್ತದೆ. ಅಲ್ಲಿಂದ ಮೂರನೆಯ ಅಧ್ಯಾಯದ ಕೊನೆಯವರೆಗೆ ಏದೆನ್ ತೋಟದ ಕಥೆ. ಮೊದಲ ಕಥೆಯಲ್ಲಿ ಸಸ್ಯ, ಪ್ರಾಣಿಗಳೆಲ್ಲ ಆದ ಮೇಲೆ ಗಂಡುಹೆಣ್ಣು ಒಟ್ಟಿಗೆ ಸೃಷ್ಟಿಯಾಗುತ್ತಾರೆ. ಎರಡನೆಯದರಲ್ಲಿ ಗಂಡು ಮೊದಲು, ಬಳಿಕ ತೋಟ, ಪ್ರಾಣಿಗಳು, ಕೊನೆಗೆ ಹೆಣ್ಣು. ದೇವರನ್ನು ಕರೆಯುವ ಹೆಸರೂ ಬೇರೆ. ಈ ವ್ಯತ್ಯಾಸವನ್ನು ಹಿಡಿದು ಫ್ರೆಂಚ್ ವೈದ್ಯ ಝಾನ್ ಆಸ್ಟ್ರುಕ್ 1753ರಲ್ಲಿ, ಪುಸ್ತಕದ ಕರ್ತೃವೆಂದು ಸಂಪ್ರದಾಯ ನಂಬಿದ್ದ ಮೋಶೆ ತನಗಿಂತ ಹಳೆಯ ಬರಹಗಳನ್ನು ಜೋಡಿಸಿದ್ದಾನೆ ಎಂದು ವಾದಿಸಿದ. 19ನೆಯ ಶತಮಾನದ ಉತ್ತರಾರ್ಧದಲ್ಲಿ ಜರ್ಮನ್ ವಿದ್ವಾಂಸ ಯೂಲಿಯಸ್ ವೆಲ್‌ಹೌಸನ್ ಈ ಜಾಡನ್ನು ಮುಂದುವರಿಸಿ, ಮೊದಲ ಕಥೆಯನ್ನು ಪುರೋಹಿತ ಪರಂಪರೆಗೆ ಸೇರಿಸಿದ. ಅದು ಬ್ಯಾಬಿಲೋನಿನ ಸೆರೆವಾಸದ ಅಥವಾ ಅದರ ನಂತರದ ಕಾಲದ ರಚನೆ ಎಂಬುದನ್ನು ಬಹುಪಾಲು ವಿದ್ವಾಂಸರು ಒಪ್ಪುತ್ತಾರೆ. ಎರಡನೆಯ ಕಥೆಯ ಕಾಲದ ಬಗ್ಗೆ ಜಗಳ ಇನ್ನೂ ತೀರಿಲ್ಲ.

ಸೆರೆವಾಸದ ಹಿನ್ನೆಲೆ ಮುಖ್ಯ. ಕ್ರಿ.ಪೂ. 586ರ ಸುಮಾರಿಗೆ ಬ್ಯಾಬಿಲೋನಿನ ಸೇನೆ ಜೆರುಸಲೇಮಿನ ದೇವಾಲಯವನ್ನು ನೆಲಸಮ ಮಾಡಿ, ಜನರನ್ನು ಸೆರೆಯಾಗಿ ಒಯ್ದಿತ್ತು. ಗೆದ್ದ ಬ್ಯಾಬಿಲೋನ್ ನಗರದಲ್ಲಿ ಹೊಸ ವರ್ಷದ ಹಬ್ಬಕ್ಕೆ ‘ಎನೂಮ ಎಲಿಶ್’ ಎಂಬ ಸೃಷ್ಟಿಕಾವ್ಯದ ಪಠಣ ನಡೆಯುತ್ತಿತ್ತು. ಅಸ್ಸೀರಿಯಾದ ನಿನೆವೆಯಲ್ಲಿ ಅದರ ಜೇಡಿಮಣ್ಣಿನ ಫಲಕಗಳು ಸಿಕ್ಕು, ಬ್ರಿಟಿಷ್ ವಿದ್ವಾಂಸ ಜಾರ್ಜ್ ಸ್ಮಿತ್ 1876ರಲ್ಲಿ ಅನುವಾದ ಪ್ರಕಟಿಸಿದಾಗ ಹೀಬ್ರೂ ಕಥೆಯ ನೆರೆಹೊರೆ ಮೊದಲ ಬಾರಿಗೆ ಕಣ್ಣಿಗೆ ಬಿತ್ತು. 1895ರಲ್ಲಿ ಬೈಬಲ್ ವಿದ್ವಾಂಸ ಹೆರ್ಮಾನ್ ಗುಂಕೆಲ್ ಎರಡನ್ನೂ ವಿವರವಾಗಿ ಹೋಲಿಸಿದ.

ಬ್ಯಾಬಿಲೋನಿನ ಕಾವ್ಯದಲ್ಲಿ ಮಾರ್ದೂಕ್ ಎಂಬ ದೇವರು ಕಡಲದೇವತೆ ತಿಯಾಮತಳನ್ನು ಕೊಂದು, ಅವಳ ದೇಹ ಸೀಳಿ ಆಕಾಶ ಭೂಮಿಗಳನ್ನು ಮಾಡುತ್ತಾನೆ. ಸೋತ ದೇವತೆ ಕಿಂಗುವಿನ ರಕ್ತದಿಂದ ಮನುಷ್ಯ ಹುಟ್ಟುತ್ತಾನೆ, ದೇವತೆಗಳ ದುಡಿಮೆಯನ್ನು ಹೊರಲು. ಇನ್ನೂ ಹಳೆಯ ‘ಅತ್ರಹಸೀಸ್’ ಕಾವ್ಯ ಇದನ್ನು ಬಿಡಿಸಿ ಹೇಳುತ್ತದೆ: ಕಾಲುವೆ ತೋಡಿ ಸಾಕಾದ ಕಿರಿಯ ದೇವತೆಗಳು ಸಲಕರಣೆಗಳನ್ನು ಸುಟ್ಟು ಬಂಡೇಳುತ್ತಾರೆ, ಅವರ ಬದಲಿಗೆ ದುಡಿಯಲು ಮಣ್ಣಿನಿಂದ ಮನುಷ್ಯರನ್ನು ಮಾಡಲಾಗುತ್ತದೆ. ದೇವತೆಗಳಿಗೆ ಉಣಿಸುವುದೂ ಮನುಷ್ಯರ ಪಾಲು.

ಆದಿಕಾಂಡದ ದೇವರಿಗೆ ಎದುರಾಳಿಯಿಲ್ಲ, ವಂಶಾವಳಿಯಿಲ್ಲ, ಹಸಿವೂ ಇಲ್ಲ. ಊಟ ಕೊಡುವವನು ಅವನೇ. ಬ್ಯಾಬಿಲೋನಿನಲ್ಲಿ ಪೂಜೆಗೊಳ್ಳುತ್ತಿದ್ದ ಸೂರ್ಯಚಂದ್ರರಿಗೆ ಇಲ್ಲಿ ಹೆಸರೂ ಸಿಗುವುದಿಲ್ಲ; ನಾಲ್ಕನೆಯ ದಿನ ತೂಗುಹಾಕಿದ ಎರಡು ದೀಪಗಳಷ್ಟೇ ಅವು. ಎದ್ದು ಕಾಣುವ ಭೇದ ಮುಕ್ತಾಯದಲ್ಲಿದೆ. ಎನೂಮ ಎಲಿಶ್‌ನಲ್ಲಿ ಗೆಲುವಿನ ಬಳಿಕ ಮಾರ್ದೂಕನಿಗೆ ದೇವಾಲಯ ಕಟ್ಟಲಾಗುತ್ತದೆ. ಹೀಬ್ರೂ ಕಥೆಯಲ್ಲಿ ಪವಿತ್ರವಾಗುವುದು ಕಟ್ಟಡವಲ್ಲ, ಒಂದು ದಿನ. ದೇವಾಲಯ ಕಳೆದುಕೊಂಡವರು ಎಲ್ಲಿ ಬೇಕಾದರೂ ಆಚರಿಸಬಹುದಾದದ್ದು ಸಬ್ಬತ್, ಅಂದರೆ ಏಳನೆಯ ದಿನದ ವಿಶ್ರಾಂತಿ. ಮನುಷ್ಯರ ಬೆವರಿನಿಂದ ಬಿಡುವು ಪಡೆದ ದೇವತೆಗಳಿಗೂ ತನ್ನ ಕೆಲಸ ತಾನೇ ಮುಗಿಸಿ ವಿಶ್ರಮಿಸಿದ ದೇವರಿಗೂ ಇರುವ ದೂರ ಸಣ್ಣದಲ್ಲ.

ಮನುಷ್ಯ ದೇವರ ರೂಪದಲ್ಲಿ, ಹೋಲಿಕೆಯಲ್ಲಿ ಸೃಷ್ಟಿಯಾದ ಎಂಬ ಮಾತನ್ನು (1:26–27) ಶತಮಾನಗಳ ಕಾಲ ಆತ್ಮ, ವಿವೇಕಗಳೆಂದೇ ಅರ್ಥೈಸಲಾಯಿತು. ಈಶಾನ್ಯ ಸಿರಿಯಾದ ಟೆಲ್ ಫೆಖೆರಿಯೆಯಲ್ಲಿ 1979ರಲ್ಲಿ ಸಿಕ್ಕ ಶಿಲಾಪ್ರತಿಮೆ ಈ ಚರ್ಚೆಗೆ ಬೇರೆ ನೆಲೆ ಒದಗಿಸಿತು. ಕ್ರಿ.ಪೂ. 9ನೆಯ ಶತಮಾನದ್ದೆಂದು ಸಾಮಾನ್ಯವಾಗಿ ಗುರುತಿಸುವ ಆ ಪ್ರತಿಮೆಯ ಅರಮಾಯಿಕ್ ಶಾಸನ, ಆದಿಕಾಂಡದ ಆ ಎರಡು ಪದಗಳಿಗೆ ಸಾಟಿಯಾದ ಪದಗಳನ್ನೇ ಆಳುವವನ ಪ್ರತಿಮೆಗೆ ಬಳಸಿದೆ. ಅಸ್ಸೀರಿಯಾ, ಈಜಿಪ್ಟ್‌ಗಳಲ್ಲಿ ದೇವರ ಪ್ರತಿರೂಪ ಎನಿಸಿಕೊಂಡವನು ಅರಸ. ಆದಿಕಾಂಡ ಆ ಬಿರುದನ್ನು ಅರಮನೆಯಿಂದ ಹೊರತಂದು ಎಲ್ಲ ಗಂಡು, ಎಲ್ಲ ಹೆಣ್ಣಿಗೂ ಹಂಚಿತು. ಅರಸರೇ ಇಲ್ಲದಂತಾದ ಜನ ಹೀಗೆ ಬರೆದರು ಎನ್ನುವುದು ಕಾಕತಾಳೀಯವಾಗಿರಲಾರದು.

ಎರಡನೆಯ ಕಥೆ ಅದೇ ಮನುಷ್ಯನನ್ನು ನೆಲಕ್ಕಿಳಿಸುತ್ತದೆ. ದೇವರು ಕುಂಬಾರನಂತೆ ಮಣ್ಣಿನಿಂದ ಅವನನ್ನು ರೂಪಿಸಿ ಉಸಿರೂದುತ್ತಾನೆ, ಸಂಜೆ ತೋಟದಲ್ಲಿ ತಿರುಗಾಡುತ್ತಾನೆ, ಅಡಗಿಕೊಂಡವರನ್ನು ಕೂಗಿ ಕೇಳುತ್ತಾನೆ, ಶಿಕ್ಷಿಸಿದ ಮೇಲೂ ಚರ್ಮದ ಬಟ್ಟೆ ತೊಡಿಸುತ್ತಾನೆ. ಇಲ್ಲಿ ಮನುಷ್ಯನಿಗೆ ಆಜ್ಞೆ ಮೀರುವ ಸ್ವಾತಂತ್ರ್ಯವಿದೆ. ಅದರ ಫಲ ಸಂಬಂಧಗಳ ಬಿರುಕು, ಶ್ರಮ, ಸಾವು. ಆ ಮೊದಲ ತಪ್ಪು ಎಲ್ಲ ಮನುಷ್ಯರಿಗೂ ಹುಟ್ಟಿನಿಂದಲೇ ಅಂಟಿದೆ ಎನ್ನುವ ಆದಿಪಾಪದ ಸಿದ್ಧಾಂತ ಕಥೆಯೊಳಗಿಲ್ಲ. ಅದಕ್ಕೆ ಗಟ್ಟಿ ರೂಪ ಕೊಟ್ಟವನು ಕ್ರಿ.ಶ. 4–5ನೆಯ ಶತಮಾನಗಳ ಕ್ರೈಸ್ತ ಚಿಂತಕ ಅಗಸ್ಟೀನ್. ಯೆಹೂದಿ ಸಂಪ್ರದಾಯ ಆ ದಾರಿ ಹಿಡಿಯಲಿಲ್ಲ. ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ಯೆಹೂದಿ ಧರ್ಮಶಾಸ್ತ್ರ ಗ್ರಂಥ ಮಿಶ್ನಾ, ಮೊದಲಿಗೆ ಒಬ್ಬನನ್ನೇ ಸೃಷ್ಟಿಸಿದ್ದರ ಕಾರಣವನ್ನು ಸಾಕ್ಷಿಗಳಿಗೆ ಎಚ್ಚರಿಕೆ ಹೇಳುವ ಸಂದರ್ಭದಲ್ಲಿ ವಿವರಿಸುತ್ತದೆ: ಒಂದು ಜೀವ ಕಳೆದರೆ ಲೋಕವನ್ನೇ ಕಳೆದಂತೆ; ತನ್ನ ಪೂರ್ವಜ ಮೇಲು ಎಂದು ಹೇಳಿಕೊಳ್ಳಲು ಯಾರಿಗೂ ಎಡೆಯಿಲ್ಲ.

ಆಧುನಿಕ ಕಾಲದಲ್ಲಿ ವಿವಾದ ಭೂಮಿಯ ಮೇಲಿನ ಒಡೆತನದತ್ತ ಹೊರಳಿದೆ. 1967ರಲ್ಲಿ ‘ಸೈನ್ಸ್’ ಪತ್ರಿಕೆಯ ಲೇಖನದಲ್ಲಿ ಇತಿಹಾಸಕಾರ ಲಿನ್ ವೈಟ್, ಪರಿಸರದ ಬಿಕ್ಕಟ್ಟಿಗೆ ಪಾಶ್ಚಾತ್ಯ ಕ್ರೈಸ್ತಧರ್ಮ ಈ ಕಥೆಯಿಂದ ಪಡೆದ ಮನೋಭಾವವನ್ನು ಹೊಣೆಯಾಗಿಸಿದ. ಆಕ್ಷೇಪ ಪೂರ್ತಿ ಹುರುಳಿಲ್ಲದ್ದಲ್ಲ. ಮೊದಲ ಕಥೆಯಲ್ಲಿ ದೇವರು ಮನುಷ್ಯರಿಗೆ ಕೊಡುವ, ಭೂಮಿಯನ್ನು ವಶಪಡಿಸಿಕೊಳ್ಳಿ ಎಂಬ ಆಜ್ಞೆಯ ಕ್ರಿಯಾಪದ ಬೇರೆಡೆ ದಂಡಯಾತ್ರೆಗೂ ಬಳಕೆಯಾಗಿದೆ. ಆದರೆ ಮರುಅಧ್ಯಾಯದಲ್ಲಿ ಮನುಷ್ಯನಿಗೆ ಒಪ್ಪಿಸಿದ್ದು ತೋಟವನ್ನು ಉಳುವ, ಕಾಯುವ ಕೆಲಸ. ಆಳ್ವಿಕೆ ಕೊಟ್ಟ ಮೊದಲ ಕಥೆಯೂ ಮನುಷ್ಯರಿಗೆ ಆಹಾರವಾಗಿ ಕೊಟ್ಟದ್ದು ಧಾನ್ಯ, ಹಣ್ಣುಗಳನ್ನು ಮಾತ್ರ. ಮಾಂಸ ತಿನ್ನುವ ಅನುಮತಿ ಬರುವುದು ಜಲಪ್ರಳಯದ ನಂತರ, ಒಂಬತ್ತನೆಯ ಅಧ್ಯಾಯದಲ್ಲಿ, ರಕ್ತವನ್ನು ತಿನ್ನಬಾರದೆಂಬ ಕಟ್ಟಳೆಯೊಂದಿಗೆ.