ಹಿಮ್ಮುಖವಾಗಿ ಮೆಟ್ಟಿಲಿಳಿದವರು ಬಿಟ್ಟ ಸಕ್ಕರೆ

ಬೂಟಿನ ಲಾಡಿ ಕಟ್ಟಲು ಬಗ್ಗುವಂತಿಲ್ಲ. ಮೈಭಾರವೆಲ್ಲ ಮಂಡಿಯ ಮೇಲೆ ಬೀಳುತ್ತದೆಂಬ ಭಯಕ್ಕೆ ಮೆಟ್ಟಿಲನ್ನು ಹಿಮ್ಮುಖವಾಗಿಯೇ ಇಳಿಯಬೇಕು. 1862ರ ಆಗಸ್ಟ್‌ನಲ್ಲಿ ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ಅವರ ಸ್ಥಿತಿ ಇದು. ವಯಸ್ಸು 65, ಎತ್ತರ ಐದು ಅಡಿ ಐದು ಅಂಗುಲ, ತೂಕ 202 ಪೌಂಡ್. ಅಂದರೆ ಹತ್ತಿರ ಹತ್ತಿರ 92 ಕಿಲೋ.

ಬ್ಯಾಂಟಿಂಗ್ ಮನೆತನದ ಕಸುಬು ಶವಸಂಸ್ಕಾರದ ವ್ಯವಸ್ಥೆ. ರಾಜಮನೆತನದವರು ತೀರಿಕೊಂಡಾಗಲೂ ಅವರಿಗೇ ಕರೆ ಬರುತ್ತಿತ್ತು. 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿ ಮುಂದೆ ವೆಲಿಂಗ್ಟನ್ನಿನ ಡ್ಯೂಕ್ ಆಗಿ 1852ರಲ್ಲಿ ಸತ್ತಾಗ, ಆ ಮಹಾ ಶವಯಾತ್ರೆಯ ಹೊಣೆ ಹೊತ್ತದ್ದೂ ಇದೇ ಮನೆತನ.

ತೂಕ ಇಳಿಸಲು ಬ್ಯಾಂಟಿಂಗ್ ಮಾಡದ ಪ್ರಯತ್ನವಿಲ್ಲ. ಮುಂಜಾನೆ ಎದ್ದು ಗಂಟೆಗಟ್ಟಲೆ ದೋಣಿಗೆ ಹುಟ್ಟು ಹಾಕಿದರು. ತೋಳಿಗೆ ಬಲ ಬಂತು, ಅದರ ಜೊತೆಗೆ ತಡೆಯಲಾರದ ಹಸಿವೂ ಬಂತು, ತೂಕ ಇನ್ನಷ್ಟು ಏರಿತು. ಸಮುದ್ರಸ್ನಾನ, ಟರ್ಕಿಶ್ ಹಬೆಸ್ನಾನ, ಖನಿಜ ನೀರಿನ ಊರುಗಳು ಯಾವುದೂ ಫಲ ಕೊಡಲಿಲ್ಲ. ಕೊನೆಗೆ ದಾರಿ ಸಿಕ್ಕಿದ್ದು ಕಿವಿಯ ದೆಸೆಯಿಂದ. ಕೇಳಿಸುವುದು ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿವೈದ್ಯರ ಬಳಿ ಹೋದರು. ಯಕೃತ್ತಿನಲ್ಲಿ ಸಕ್ಕರೆ ಹುಟ್ಟುವ ಬಗೆಯನ್ನು ಕುರಿತ ವಿಜ್ಞಾನಿ ಕ್ಲಾಡ್ ಬರ್ನಾರ್ಡ್ ಅವರ ಉಪನ್ಯಾಸಗಳನ್ನು ಹಾರ್ವೆ ಪ್ಯಾರಿಸ್ಸಿನಲ್ಲಿ ಕೇಳಿದ್ದರು. ಅವರು ಹೇಳಿದ್ದು ಸರಳವಾಗಿತ್ತು: ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್, ಆಲೂಗಡ್ಡೆ ಬಿಡಿ.

ಬಿಡುವುದು ಹೇಳಿದಷ್ಟು ಸುಲಭವಲ್ಲ. ಹಾಲು ಸಕ್ಕರೆ ಧಾರಾಳವಾಗಿ ಬೆರೆಸಿದ ಚಹಾ, ಬೆಣ್ಣೆ ಸವರಿದ ಟೋಸ್ಟ್, ರಾತ್ರಿಗೆ ಹಣ್ಣಿನ ಟಾರ್ಟ್ ಬ್ಯಾಂಟಿಂಗ್ ಅವರ ನಿತ್ಯದ ರೂಢಿ. ಕಾಲವೂ ಸಿಹಿಯ ಕಡೆಗೇ ಹರಿಯುತ್ತಿತ್ತು. ಗುಲಾಮರ ಬೆವರಿನಲ್ಲಿ ಬೆಳೆದ ಕೆರಿಬಿಯನ್ ಕಬ್ಬು ಒಂದು ಕಾಲಕ್ಕೆ ಸಿರಿವಂತರ ಮೇಜಿನ ಪದಾರ್ಥವಾಗಿದ್ದ ಸಕ್ಕರೆಯನ್ನು ಕೂಲಿಯವರ ಚಹಾದ ಲೋಟಕ್ಕೂ ಇಳಿಸಿತ್ತು. 1800ರ ಸುಮಾರಿಗೆ ಬ್ರಿಟನ್ನಿನಲ್ಲಿ ತಲೆಗೆ ವರ್ಷಕ್ಕೆ 18 ಪೌಂಡಿನಷ್ಟಿದ್ದ ಬಳಕೆ ಆ ಶತಮಾನ ಮುಗಿಯುವಾಗ ಸುಮಾರು 90 ಪೌಂಡಿಗೆ ಮುಟ್ಟಿತು. 1874ರಲ್ಲಿ ಸಕ್ಕರೆಯ ಮೇಲಿನ ಸುಂಕವೂ ರದ್ದಾಯಿತು.

ಹಾರ್ವೆಯವರ ಜಾಣತನ ಇದ್ದದ್ದು ತಟ್ಟೆಯನ್ನು ಖಾಲಿ ಬಿಡದೆ ಇದ್ದುದರಲ್ಲಿ. ದಿನಕ್ಕೆ ನಾಲ್ಕು ಹೊತ್ತು ಊಟ. ಮಾಂಸ, ಮೀನು, ತರಕಾರಿ, ಚೂರು ಒಣ ಟೋಸ್ಟ್, ಒಂದೆರಡು ಲೋಟ ದ್ರಾಕ್ಷಾರಸ. ಚಹಾ ಇತ್ತು, ಹಾಲು ಸಕ್ಕರೆ ಇಲ್ಲ. ಸಿಹಿ ಬೇಕೆನ್ನುವ ನಾಲಿಗೆಗೂ ಒಂದು ಕಿಂಡಿ ಬಿಟ್ಟಿದ್ದರು: ಪುಡಿಂಗ್‌ನ ಒಳಗಿನ ಹಣ್ಣನ್ನು ಮಾತ್ರ ಆರಿಸಿ ತಿನ್ನಬಹುದಿತ್ತು. ಹಸಿದ ಹೊಟ್ಟೆಯಲ್ಲಿ ಸಿಹಿಯ ಜೊತೆ ಸೆಣಸುವವರು ಬೇಗ ಸೋಲುತ್ತಾರೆ. ಬ್ಯಾಂಟಿಂಗ್ ಹಸಿದಿರಲಿಲ್ಲ, ಅದಕ್ಕೇ ಗೆದ್ದರು. ಒಂದು ವರ್ಷ ಕಳೆಯುವಷ್ಟರಲ್ಲಿ 46 ಪೌಂಡ್ ಇಳಿದಿತ್ತು, ಸೊಂಟ 12 ಅಂಗುಲಕ್ಕೂ ಹೆಚ್ಚು ಕರಗಿತ್ತು. ಮೆಟ್ಟಿಲನ್ನು ಎಲ್ಲರಂತೆ ಮುಮ್ಮುಖವಾಗಿ ಇಳಿಯತೊಡಗಿದರು.

1863ರಲ್ಲಿ ತಮ್ಮ ಅನುಭವವನ್ನು ಪುಟ್ಟ ಪುಸ್ತಿಕೆ ಮಾಡಿ ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದರು. ಎಳೆತನದಲ್ಲಿ ಹಿತವಾದ ಸಕ್ಕರೆಯಂಥ ತಿನಿಸು ವಯಸ್ಸಾದ ಮೇಲೆ, ಕುದುರೆಗೆ ದಿನವೂ ಹಾಕಿದ ಕಾಳಿನಂತೆ, ಕೇಡು ಮಾಡುತ್ತದೆ ಎಂದು ಅದರಲ್ಲಿ ಬರೆದರು. ವೈದ್ಯರಲ್ಲಿ ಹಲವರು ಹೀಗಳೆದರೂ ಜನ ಪುಸ್ತಿಕೆಯನ್ನು ಸಾವಿರ ಸಾವಿರ ಪ್ರತಿಗಳಲ್ಲಿ ಕೊಂಡರು. ಅವರ ಹೆಸರೇ ಕ್ರಿಯಾಪದವಾಯಿತು; ಸ್ವೀಡನ್ನಿನಲ್ಲಿ ತೂಕ ಇಳಿಸಲು ಪಥ್ಯ ಮಾಡುವುದಕ್ಕೆ ಇಂದಿಗೂ 'ಬಾಂಟ' ಎನ್ನುತ್ತಾರೆ.

ತೂಕ ಇಳಿದ ಮೇಲೂ ಬ್ಯಾಂಟಿಂಗ್ ತಕ್ಕಡಿ ಬಿಡಲಿಲ್ಲ. ವಾರಕ್ಕೆ ಐದು ಔನ್ಸ್ ಸಕ್ಕರೆ, ಅಂದರೆ ದಿನಕ್ಕೆ ಒಂದು ಔನ್ಸೂ ಅಲ್ಲ, ತಿಂದು ನೋಡಿದರು. ತೂಕ ಸುಮಾರು ಒಂದು ಪೌಂಡ್ ಏರಿತು. ಅದನ್ನೂ 1869ರ ಆವೃತ್ತಿಯಲ್ಲಿ ಬರೆದಿಟ್ಟರು. ಹಸಿ ಬಟಾಣಿಯೆಂದರೆ ಮಾತ್ರ ಪ್ರಾಣ. ಅದರ ಕಾಲದಲ್ಲಿ ದಿನವೂ ತಿನ್ನುತ್ತಿದ್ದರು, ಎರಡು ಮೂರು ಪೌಂಡ್ ಕೂಡುತ್ತಿತ್ತು. ಬಟಾಣಿಯ ಕಾಲ ಮುಗಿದೊಡನೆ ಅದೂ ಇಳಿಯುತ್ತಿತ್ತು.