ಏಕರೂಪ ಪರೀಕ್ಷೆ ಮತ್ತು ಪ್ರಾಥಮಿಕ ಶಿಕ್ಷಣ

ಏನಿದು ಏಕರೂಪ ಪರೀಕ್ಷೆ?

ಒಂದೇ ಪ್ರಶ್ನೆಪತ್ರಿಕೆ, ಒಂದೇ ಕಾಲಾವಧಿ, ಉತ್ತರಪತ್ರಿಕೆ ತಿದ್ದುವುದಕ್ಕೆ ಒಂದೇ ಮಾದರಿ ಉತ್ತರ: ಈ ಮೂರನ್ನು ಸಾವಿರಾರು ಶಾಲೆಗಳಿಗೆ ಸಮಾನವಾಗಿ ಅನ್ವಯಿಸಿ ನಡೆಸುವ ಪರೀಕ್ಷೆಯನ್ನು ಏಕರೂಪ ಪರೀಕ್ಷೆ ಅಥವಾ ಸ್ಟ್ಯಾಂಡರ್ಡೈಸ್ಡ್ ಟೆಸ್ಟ್ ಎನ್ನುತ್ತಾರೆ. ಬೀದರಿನ ಶಾಲೆಯ ಅಂಕವನ್ನು ಮಡಿಕೇರಿಯ ಶಾಲೆಯ ಅಂಕದೊಡನೆ ಹೋಲಿಸಿ ನೋಡಲು ಬರಬೇಕು ಎಂಬುದು ಇದರ ಉದ್ದೇಶ. ತರಗತಿಯ ಶಿಕ್ಷಕರು ತಾವೇ ಕೊಡುವ ಕಿರುಪರೀಕ್ಷೆಯಿಂದ ಇಂಥ ಹೋಲಿಕೆ ಸಾಧ್ಯವಿಲ್ಲ. ಆದರೆ ಕಳೆಯುವ ಲೆಕ್ಕದಲ್ಲಿ ಮಗು ದಶಕ ತೆಗೆದುಕೊಳ್ಳುವುದನ್ನು ಮರೆಯುತ್ತಿದೆಯೇ ಅಥವಾ ಅದಕ್ಕೆ ಸ್ಥಾನಬೆಲೆಯೇ ತಿಳಿದಿಲ್ಲವೇ ಎಂಬುದು ಆ ಕಿರುಪರೀಕ್ಷೆಯಿಂದ ಅಂದೇ ಗೊತ್ತಾಗುತ್ತದೆ. ಮರುದಿನದ ಪಾಠವನ್ನು ಅದಕ್ಕೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಕಲಿಕೆ ನಡೆಯುತ್ತಿರುವಾಗಲೇ ಮಾಡುವ ಅಳತೆ ರೂಪಣಾತ್ಮಕ ಮೌಲ್ಯಮಾಪನ. ಅವಧಿಯ ಕೊನೆಗೆ ಮಾಡುವುದು ಸಂಕಲನಾತ್ಮಕ. ಕರ್ನಾಟಕದ ಶಾಲೆಗಳಲ್ಲಿ ಮಕ್ಕಳೂ ಪೋಷಕರೂ ಇವನ್ನು ಎಫ್‌ಎ, ಎಸ್‌ಎ ಎಂದೇ ಬಲ್ಲರು. ಪ್ರಾಥಮಿಕ ಶಿಕ್ಷಣದಲ್ಲಿ ವಾದ ಹುಟ್ಟುವುದು ಪರೀಕ್ಷೆ ಬೇಕೇ ಬೇಡವೇ ಎಂಬುದಕ್ಕಿಂತ ಹೆಚ್ಚಾಗಿ, ಅದರ ಫಲಿತಾಂಶ ಯಾರ ಕೈ ಸೇರುತ್ತದೆ ಮತ್ತು ಅದರಿಂದ ಏನು ಮಾಡುತ್ತಾರೆ ಎಂಬುದರಲ್ಲಿ.

ಎರಡು ದೃಷ್ಟಿಗಳು

ಮಗುವಿನ ಬೆಳವಣಿಗೆಗೆ ಅದರದೇ ವೇಗವಿದೆ, ಶಾಲೆ ಆ ವೇಗವನ್ನು ಅನುಸರಿಸಬೇಕು ಎಂಬುದು ಒಂದು ದೃಷ್ಟಿ. 1901ರಲ್ಲಿ ಶಾಂತಿನಿಕೇತನದಲ್ಲಿ ಶಾಲೆ ತೆರೆದ ರವೀಂದ್ರನಾಥ ಠಾಕೂರರು, 1907ರಲ್ಲಿ ರೋಮ್ ನಗರದ ಬಡ ಬಡಾವಣೆಯಲ್ಲಿ ‘ಮಕ್ಕಳ ಮನೆ’ ಆರಂಭಿಸಿದ ಮಾರಿಯಾ ಮಾಂಟೆಸೊರಿ, 1937ರಲ್ಲಿ ವಾರ್ಧಾದಲ್ಲಿ ಕೈಕಸುಬನ್ನು ಕಲಿಕೆಯ ಕೇಂದ್ರಕ್ಕೆ ತಂದ ಗಾಂಧೀಜಿ ಬೇರೆಬೇರೆ ದಾರಿ ಹಿಡಿದವರಾದರೂ ಈ ಮಾತಿನಲ್ಲಿ ಸಮೀಪದವರು. 1993ರ ಯಶಪಾಲ್ ಸಮಿತಿಯ ವರದಿ ಮತ್ತು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದೇ ಪರಂಪರೆಗೆ ಸೇರುತ್ತವೆ.

ಪ್ರತಿ ಮಗುವಿಗೂ ಕನಿಷ್ಠ ಇಷ್ಟು ಕಲಿಸುವುದು ಸರ್ಕಾರದ ಹೊಣೆ, ಆ ಹೊಣೆ ನೆರವೇರಿತೇ ಎಂಬುದನ್ನು ಶಾಲೆಯ ಹೊರಗಿನವರು ಅಳೆಯಬೇಕು ಎಂಬುದು ಇನ್ನೊಂದು ದೃಷ್ಟಿ. ಭಾರತದಲ್ಲಿ 1990ರ ದಶಕದ ‘ಕನಿಷ್ಠ ಕಲಿಕಾ ಮಟ್ಟ’ಗಳು ಈ ಚಿಂತನೆಯ ಫಲ. ಇದನ್ನು ಮಕ್ಕಳ ಮೇಲಿನ ನಿರ್ದಯೆ ಎಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ಐದನೆಯ ತರಗತಿಯ ಮಗುವಿಗೆ ಓದಲು ಬರುವುದಿಲ್ಲ ಎಂಬ ಸಂಗತಿ ಓದುಬರಹ ಬಾರದ ಪೋಷಕರಿಗೆ ತಾನಾಗಿ ತಿಳಿಯುವುದಿಲ್ಲ. ಯಾರಾದರೂ ಅಳೆದು ಹೇಳಬೇಕಾಗುತ್ತದೆ.

ಅಂಕಕ್ಕೆ ಹಣ ಜೋಡಿಸಿದಾಗ

ಹೊರಗಿನ ಅಳತೆಗೆ ಹಣವೋ ದಂಡವೋ ಜೋಡಣೆಯಾದರೆ ಏನಾಗುತ್ತದೆ ಎಂಬುದಕ್ಕೆ ಹಳೆಯ ನಿದರ್ಶನವಿದೆ. 1862ರಲ್ಲಿ ಇಂಗ್ಲೆಂಡ್ ಸರ್ಕಾರ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು. ಓದು, ಬರಹ, ಲೆಕ್ಕ ಮೂರರಲ್ಲೂ ತೇರ್ಗಡೆಯಾದ ಮಗುವಿನ ಲೆಕ್ಕದಲ್ಲಿ ಶಾಲೆಗೆ 8 ಶಿಲಿಂಗ್ ಸಿಗುತ್ತಿತ್ತು. ಒಂದು ವಿಷಯದಲ್ಲಿ ತಪ್ಪಿದರೆ 2 ಶಿಲಿಂಗ್ 8 ಪೆನ್ಸ್ ಕಡಿತ. ಇನ್‌ಸ್ಪೆಕ್ಟರ್ ಬರುವ ದಿನಕ್ಕಾಗಿ ಮಕ್ಕಳು ಓದುವ ಪುಸ್ತಕವನ್ನೇ ಬಾಯಿಪಾಠ ಮಾಡತೊಡಗಿದರು. ಚರಿತ್ರೆ, ಭೂಗೋಳ ಹಿಂದೆ ಸರಿದವು. ಸ್ವತಃ ಶಾಲಾ ಇನ್‌ಸ್ಪೆಕ್ಟರ್ ಆಗಿದ್ದ ಕವಿ ಮ್ಯಾಥ್ಯೂ ಆರ್ನಾಲ್ಡ್ ಈ ಪದ್ಧತಿಯನ್ನು ಕಟುವಾಗಿ ವಿರೋಧಿಸಿದರು. ದಕ್ಷಿಣ ಕನ್ನಡ ಮತ್ತು ಬಳ್ಳಾರಿಗಳನ್ನು ಒಳಗೊಂಡಿದ್ದ ಅಂದಿನ ಮದ್ರಾಸ್ ಪ್ರಾಂತ್ಯದಲ್ಲಿಯೂ ಫಲಿತಾಂಶ ಅನುದಾನದ ವ್ಯವಸ್ಥೆ ಇತ್ತು.

ಅಮೆರಿಕ 2002ರಲ್ಲಿ ಇದೇ ದಾರಿಯನ್ನು ಹೊಸ ಹೆಸರಿನಿಂದ ತುಳಿಯಿತು. 3ರಿಂದ 8ನೆಯ ತರಗತಿವರೆಗೆ ಪ್ರತಿವರ್ಷ ಓದು ಮತ್ತು ಗಣಿತದ ಪರೀಕ್ಷೆ ಕಡ್ಡಾಯವಾಯಿತು. ಗುರಿ ಮುಟ್ಟದ ಶಾಲೆಗಳ ಮೇಲೆ ಕ್ರಮವೂ ನಿಗದಿಯಾಯಿತು. 2011ರಲ್ಲಿ ಪ್ರಕಟವಾದ ತನಿಖಾ ವರದಿಯ ಪ್ರಕಾರ ಅಟ್ಲಾಂಟಾ ನಗರದ 44 ಶಾಲೆಗಳಲ್ಲಿ ಅಕ್ರಮ ನಡೆದಿತ್ತು. ಮಕ್ಕಳ ತಪ್ಪು ಉತ್ತರಗಳನ್ನು ಅಳಿಸಿ ಸರಿ ಉತ್ತರ ತುಂಬಿದವರು ಅವರ ಶಿಕ್ಷಕರೇ.

ನಲಿ-ಕಲಿ: ಪರೀಕ್ಷೆ ಪಾಠದೊಳಗೆ

ಹೊರಗಿನಿಂದ ಬರುವ ಇಂಥ ಪರೀಕ್ಷೆಗಳಿಗೆ ವಿರುದ್ಧ ತುದಿಯಲ್ಲಿ ನಿಲ್ಲುವ ಪ್ರಯೋಗ ಕರ್ನಾಟಕದಲ್ಲಿಯೇ ಇದೆ. ಆಂಧ್ರದ ಮದನಪಲ್ಲಿ ಸಮೀಪದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಹೆಗ್ಗಡದೇವನಕೋಟೆಯ ಶಿಕ್ಷಕರು, ಯುನಿಸೆಫ್ ನೆರವಿನಿಂದ 1995ರಲ್ಲಿ ನಲಿ-ಕಲಿಯನ್ನು ಆರಂಭಿಸಿದರು. 2009-10ರಿಂದ ಅದು ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ವಿಸ್ತರಿಸಿತು.

ನಲಿ-ಕಲಿ ಕೊಠಡಿಯಲ್ಲಿ ಬೇರೆಬೇರೆ ತರಗತಿಯ ಮಕ್ಕಳು ಒಟ್ಟಿಗೆ ನೆಲದ ಮೇಲೆ ಗುಂಪುಗಳಾಗಿ ಕೂರುತ್ತಾರೆ. ಗೋಡೆಯ ಮೇಲೆ ಕಲಿಕಾ ಏಣಿ. ಅದರ ಮೆಟ್ಟಿಲುಗಳಲ್ಲಿ ಚಿಹ್ನೆಗಳು. ಮಗು ತಾನು ನಿಂತ ಮೆಟ್ಟಿಲನ್ನು ಗುರುತಿಸಿ, ಅದೇ ಚಿಹ್ನೆಯ ಕಾರ್ಡನ್ನು ತಾನೇ ಆರಿಸಿಕೊಂಡು ತನ್ನ ಗುಂಪಿಗೆ ಹೋಗುತ್ತದೆ. ಒಂದು ಗುಂಪಿಗೆ ಶಿಕ್ಷಕರ ಪೂರ್ಣ ನೆರವು, ಇನ್ನೊಂದಕ್ಕೆ ಭಾಗಶಃ, ಮತ್ತೊಂದಕ್ಕೆ ಸಹಪಾಠಿಗಳದು. ಕೊನೆಯ ಗುಂಪಿನದು ಸ್ವಕಲಿಕೆ. ಮೌಲ್ಯಮಾಪನವೂ ಏಣಿಯ ಒಂದು ಮೆಟ್ಟಿಲು. ಅದನ್ನು ದಾಟಿದರೆ ಮುಂದಿನ ಮೈಲಿಗಲ್ಲು, ದಾಟದಿದ್ದರೆ ಇನ್ನಷ್ಟು ಅಭ್ಯಾಸ. ಕಾಯಿಲೆಯಿಂದಲೋ ಹೆತ್ತವರು ಕೂಲಿಗೆ ವಲಸೆ ಹೋದುದರಿಂದಲೋ ತಿಂಗಳುಗಟ್ಟಲೆ ಶಾಲೆ ತಪ್ಪಿದ ಮಗು, ಮರಳಿದಾಗ ತಾನು ಬಿಟ್ಟ ಕಾರ್ಡಿನಿಂದಲೇ ಮುಂದುವರಿಯುತ್ತದೆ. ಈ ಪದ್ಧತಿಯ ನಿಜವಾದ ಜಾಣ್ಮೆ ಇರುವುದು ಇಲ್ಲಿ. ಹಾಡು, ಆಟಗಳಿಗೆ ಸಿಕ್ಕಷ್ಟು ಪ್ರಚಾರ ಇದಕ್ಕೆ ಸಿಗಲಿಲ್ಲ. ಆದರೆ ಇಷ್ಟೂ ಕಾರ್ಡುಗಳನ್ನು ಒಬ್ಬರೇ ಶಿಕ್ಷಕರು ನಿಭಾಯಿಸುವುದು ಹಗುರದ ಕೆಲಸವಲ್ಲ. ಏಣಿ ಮೇಲಿನ ತರಗತಿಗಳಿಗೆ ಮುಂದುವರಿಯುವುದಿಲ್ಲ ಎಂಬ ಕೊರತೆಯೂ ಇದೆ.

ಐದನೆಯ ತರಗತಿಯ ಮೌಲ್ಯಾಂಕನ

2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ ಎಂಟನೆಯ ತರಗತಿ ಮುಗಿಯುವವರೆಗೆ ಮಕ್ಕಳನ್ನು ಅನುತ್ತೀರ್ಣಗೊಳಿಸುವುದನ್ನೂ ಮಂಡಳಿ ಪರೀಕ್ಷೆಯನ್ನೂ ನಿಷೇಧಿಸಿ, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ವಿಧಿಸಿತು. 2019ರ ತಿದ್ದುಪಡಿ 5 ಮತ್ತು 8ನೆಯ ತರಗತಿಗಳಿಗೆ ವಾರ್ಷಿಕ ಪರೀಕ್ಷೆಯನ್ನು ಮರಳಿ ತಂದಿತು. ಅದರಲ್ಲಿ ತಪ್ಪಿದವರಿಗೆ ಎರಡು ತಿಂಗಳೊಳಗೆ ಮರುಪರೀಕ್ಷೆ; ಅಲ್ಲಿಯೂ ತಪ್ಪಿದವರನ್ನು ಅದೇ ತರಗತಿಯಲ್ಲಿ ಉಳಿಸುವ ತೀರ್ಮಾನ ಆಯಾ ಸರ್ಕಾರಕ್ಕೆ ಬಿಟ್ಟದ್ದು.

ಕರ್ನಾಟಕ ಸರ್ಕಾರ 2022-23ರಲ್ಲಿ ಈ ಎರಡು ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನವನ್ನು ಪ್ರಕಟಿಸಿದಾಗ ಅನುದಾನರಹಿತ ಶಾಲೆಗಳ ಸಂಘಟನೆಗಳು ನ್ಯಾಯಾಲಯದ ಮೊರೆಹೋದವು. ಮುಂದಿನ ವರ್ಷದ ದಿನಚರಿಯಂತೂ ವಿಚಿತ್ರ. 2024ರ ಮಾರ್ಚ್ 6ರಂದು ಹೈಕೋರ್ಟಿನ ಏಕಸದಸ್ಯ ಪೀಠ ಪರೀಕ್ಷೆಯನ್ನು ರದ್ದುಪಡಿಸಿತು. ಮರುದಿನ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ನೀಡಿತು. 11ರಂದು ಪರೀಕ್ಷೆ ಆರಂಭವಾಯಿತು. 12ರಂದು ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿದ್ದರಿಂದ ಅರ್ಧಕ್ಕೇ ನಿಂತಿತು. 22ರಂದು ವಿಭಾಗೀಯ ಪೀಠ ಮತ್ತೆ ಅನುಮತಿ ಕೊಟ್ಟಿತು. ಏಪ್ರಿಲ್ 8ರಂದು ಫಲಿತಾಂಶಕ್ಕೆ ಸುಪ್ರೀಂ ಕೋರ್ಟಿನಿಂದ ತಡೆ ಬಂತು. ಹತ್ತು ವರ್ಷದ ಮಕ್ಕಳು ಬರೆದ ಉತ್ತರಪತ್ರಿಕೆಗಳ ಫಲಿತಾಂಶ ಹೀಗೆ ತಡೆಯಲ್ಲಿ ಸಿಕ್ಕಿಕೊಂಡಿತು.

ಮಾದರಿ ಸಮೀಕ್ಷೆ

ವ್ಯವಸ್ಥೆಯನ್ನು ಅಳೆಯಲು ಎಲ್ಲ ಮಕ್ಕಳನ್ನೂ ಪರೀಕ್ಷೆಗೆ ಕೂರಿಸಬೇಕಿಲ್ಲ. ಫಿನ್‌ಲ್ಯಾಂಡಿನಲ್ಲಿ ಪದವಿಪೂರ್ವ ಹಂತದ ಕೊನೆಯ ಪರೀಕ್ಷೆಯ ಹೊರತು ರಾಷ್ಟ್ರೀಯ ಪರೀಕ್ಷೆಯಿಲ್ಲ. ಕೆಳ ತರಗತಿಗಳ ಸ್ಥಿತಿಯನ್ನು ಆಯ್ದ ಶಾಲೆಗಳ ಮಾದರಿಯಿಂದ ತಿಳಿಯುತ್ತಾರೆ. ಭಾರತದ ರಾಷ್ಟ್ರೀಯ ಸಾಧನಾ ಸಮೀಕ್ಷೆಯೂ ಇಂಥದೇ. ಅದರಲ್ಲಿ ಮಗುವಿಗೆ ಪಾಸು ಫೇಲಿಲ್ಲ.

ಪ್ರಥಮ್ ಸಂಸ್ಥೆ 2005ರಲ್ಲಿ ಆರಂಭಿಸಿದ ‘ಅಸರ್’ ಸಮೀಕ್ಷೆ ಶಾಲೆಯನ್ನು ಬಿಟ್ಟು ಹಳ್ಳಿಯ ಮನೆಗಳಿಗೇ ಹೋಗುತ್ತದೆ. 5ರಿಂದ 16 ವರ್ಷದ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಮೊದಲು ಒಂದನೆಯ ತರಗತಿ ಮಟ್ಟದ ನಾಲ್ಕು ಸಾಲು ಓದಿಸುತ್ತಾರೆ. ಸರಾಗವಾಗಿ ಓದಿದರೆ ಎರಡನೆಯ ತರಗತಿ ಮಟ್ಟದ ಪುಟ್ಟ ಕಥೆ. ತಡವರಿಸಿದರೆ ಬಿಡಿಪದಗಳು, ಅದೂ ಆಗದಿದ್ದರೆ ಅಕ್ಷರಗಳು. ಇದು ನಡೆಯುವುದು ಮನೆಯಲ್ಲೇ ಆದ್ದರಿಂದ ತಮ್ಮ ಮಗು ಯಾವ ಸಾಲಿನಲ್ಲಿ ನಿಂತಿತು ಎಂಬುದನ್ನು ಮನೆಯವರೂ ಕಾಣಬಹುದು. ಓದು ಮತ್ತು ಸರಳ ಲೆಕ್ಕದ ಆಚೆಗೆ ಮಗು ಏನು ಬಲ್ಲದೆಂಬುದನ್ನು ಮಾತ್ರ ಅಸರ್‌ನ ಪರೀಕ್ಷಾ ಹಾಳೆ ಕೇಳುವುದಿಲ್ಲ.